ಮೊದಲು ದಿನವಹಿ, ಆಮೇಲೆ ಖಾತೆ

ಎರಡು ವರ್ಷದ ಹಿಂದಿನ ಮಾತು. ಮಾರ್ಚಿ ತಿಂಗಳ ಒಂದು ಸಂಜೆ ನಾನು ಶಾಲೆಯ ಕಂಪ್ಯೂಟರಿನ ಮುಂದೆ ಕುಳಿತು ಒಂಬತ್ತನೆಯ ತರಗತಿಯ ಮಕ್ಕಳ ಕನ್ನಡದ ಅಂಕಗಳನ್ನು ಪಟ್ಟಿಗೆ ಏರಿಸುತ್ತಿದ್ದೆ. ಒಟ್ಟು ೪೨ ಮಕ್ಕಳು. ಕೊನೆಯ ಹೆಸರಿಗೆ ಬರುವಷ್ಟರಲ್ಲಿ ಗಾಳಿಮಳೆ ಬಂತು, ವಿದ್ಯುತ್ತು ಹೋಯಿತು, ಪರದೆ ಕಪ್ಪಾಯಿತು. ಅರ್ಧ ಗಂಟೆಯ ಮೇಲೆ ದೀಪ ಬಂದಾಗ ನೋಡುತ್ತೇನೆ, ಪಟ್ಟಿಯಲ್ಲಿ ಹೆಸರುಗಳಿದ್ದವು, ಅಂಕ ಒಂದೂ ಇರಲಿಲ್ಲ. ಕತ್ತಲಾಗುವುದರೊಳಗೆ ಮನೆ ಸೇರಬೇಕೆಂಬ ಆತುರದಲ್ಲಿ ಮತ್ತೊಮ್ಮೆ ಬರೆದೆ. ಆ ಆತುರದಲ್ಲಿ ಒಬ್ಬ ಹುಡುಗಿಯ ೭೩ ಎಂಬುದು ೩೭ ಆಯಿತು. ಎರಡು ದಿನದ ಮೇಲೆ ಆ ಮಗು ಉಪಾಧ್ಯಾಯರ ಕೊಠಡಿಯ ಬಾಗಿಲಲ್ಲಿ ನಿಂತು, “ಸಾರ್, ನಾನು ಅಷ್ಟು ಕೆಟ್ಟದಾಗಿ ಬರೆದಿದ್ದೆನೇ?” ಎಂದು ಕೇಳಿತು. ಅಂಕವನ್ನು ಆಗಲೇ ತಿದ್ದಿದೆ. ಆದರೆ ಆ ಎರಡು ದಿನ ಅವಳು ಮನೆಯಲ್ಲಿ ಕೇಳಿಸಿಕೊಂಡ ಮಾತುಗಳನ್ನು ತಿದ್ದುವುದು ನನ್ನ ಕೈಯಲ್ಲಿರಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ನಮ್ಮ ನಿಮ್ಮ ಉಳಿತಾಯದ ಲೆಕ್ಕ ಇಂದು ಇರುವುದು ಇಂಥ ಯಂತ್ರಗಳಲ್ಲಿಯೇ. ರೈಲಿನ ಮುಂಗಡ ಟಿಕೆಟ್ಟು ಅಲ್ಲಿದೆ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯಾದ ಮೇಲೆ ರೈತನ ಪಹಣಿಯೂ ಅಲ್ಲಿಯೇ ಇದೆ. ಆ ಯಂತ್ರಗಳಿಗೂ ವಿದ್ಯುತ್ತು ಹೋಗಬಹುದಲ್ಲವೆ? ಹೋದರೆ ನಾವು ಕಟ್ಟಿದ ಹಣದ ಗತಿ ನನ್ನ ಅಂಕಪಟ್ಟಿಯ ಗತಿಯೇ ಆಗಬೇಡವೆ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಿದ್ದಾಗ ಅವನನ್ನೇ ಕೇಳಿದೆ. ಅವನು ನಕ್ಕು, “ನಿಮ್ಮ ಅಂಕಗಳು ಯಂತ್ರದ ನೆನಪಿನಲ್ಲಿ ಇದ್ದವು ಮೇಷ್ಟ್ರೆ, ಬರವಣಿಗೆಗೆ ಇಳಿದಿರಲಿಲ್ಲ” ಎಂದ. ಆ ಒಂದು ಮಾತಿನ ವಿವರಣೆಯೇ ಈ ಲೇಖನ.

ಕಂಪ್ಯೂಟರಿಗೆ ಎರಡು ಬಗೆಯ ನೆನಪುಗಳುಂಟು. ಒಂದು ಬಲು ಚುರುಕಿನದು. ಅದರಲ್ಲಿರುವುದನ್ನು ಹುಡುಕಿ ತೆಗೆಯಲು ಸುಮಾರಾಗಿ ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ಆದರೆ ವಿದ್ಯುತ್ತು ಹೋದರೆ ಅದರಲ್ಲಿದ್ದುದೆಲ್ಲವೂ ಹೋಯಿತು. ಇನ್ನೊಂದು ಡಿಸ್ಕು. ಅದು ನಿಧಾನದ್ದು, ವಿದ್ಯುತ್ತು ಇರಲಿ ಬಿಡಲಿ, ಬರೆದುದನ್ನು ಅದು ಉಳಿಸಿಕೊಳ್ಳುತ್ತದೆ. ತಿರುಗುವ ಬಗೆಯ ಡಿಸ್ಕೊಂದು ನಿಮಿಷಕ್ಕೆ ೭೨೦೦ ಸುತ್ತು ತಿರುಗುತ್ತದೆ ಎನ್ನಿ. ಅಂದರೆ ಸೆಕೆಂಡಿಗೆ ೧೨೦ ಸುತ್ತು. ಬೇಕಾದ ಜಾಗ ಕೆಳಗೆ ಬರುವವರೆಗೆ ಬರೆಯುವ ಮೊನೆ ಕಾಯಲೇಬೇಕು. ಈಚಿನ ಡಿಸ್ಕುಗಳಲ್ಲಿ ತಿರುಗುವ ಭಾಗವೇ ಇಲ್ಲ, ಅವು ಇದಕ್ಕಿಂತ ಎಷ್ಟೋ ಚುರುಕು. ಆದರೂ ಮೊದಲ ಬಗೆಯ ನೆನಪಿನ ಸಮಕ್ಕೆ ಬಾರವು.

ಹೀಗಾಗಿ ಲೆಕ್ಕ ಇಡುವವನ ಮುಂದೆ ಒಂದು ಇಕ್ಕಟ್ಟು. ಚುರುಕು ನೆನಪನ್ನು ನಂಬಿದರೆ ಲೆಕ್ಕ ಅಳಿಯಬಹುದು. ಪ್ರತಿಯೊಂದನ್ನೂ ಡಿಸ್ಕಿನಲ್ಲಿ ಅದರದರ ಜಾಗಕ್ಕೇ ಹೋಗಿ ಬರೆಯುತ್ತೇನೆಂದರೆ, ಸಾವಿರಾರು ಮಂದಿ ಒಟ್ಟಿಗೆ ಬಂದಾಗ ಕೆಲಸ ಸಾಗುವುದಿಲ್ಲ. ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವನ್ನು ನಮ್ಮ ಪೇಟೆಯ ದಿನಸಿ ವರ್ತಕರು ಬಹಳ ಕಾಲದಿಂದ ಬಲ್ಲರು.

ದೊಡ್ಡ ಅಂಗಡಿಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಒಳಕೋಣೆಯ ಕಪಾಟಿನಲ್ಲಿ ಖಾತೆ ಪುಸ್ತಕಗಳಿವೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ಗುಮಾಸ್ತನ ಮುಂದೆ ಒಂದು ಮೇಜು, ಮೇಜಿನ ಮೇಲೆ ದಿನವಹಿ. ವ್ಯಾಪಾರ ಆದ ಹಾಗೆ ಅವನು ದಿನವಹಿಯಲ್ಲಿ ಒಂದರ ಕೆಳಗೊಂದು ಸಾಲು ಬರೆಯುತ್ತ ಹೋಗುತ್ತಾನೆ. ಯಾರ ಪುಟ ಎಲ್ಲಿದೆ ಎಂದು ಹುಡುಕುವ ಗೋಜಿಲ್ಲ. ಬಿಡುವಾದಾಗ ಅದನ್ನು ಅವರವರ ಖಾತೆಗೆ ಏರಿಸುತ್ತಾನೆ. ಖಾತೆಗೆ ಏರಿಸುವ ಮೊದಲು ಏನೇ ವಿಘ್ನ ಬಂದರೂ ದಿನವಹಿ ಉಳಿದಿದ್ದರೆ ಲೆಕ್ಕ ಉಳಿಯಿತು. ಇಷ್ಟೇ ಉಪಾಯ. ಯಂತ್ರದಲ್ಲಿ ಇದು ನಡೆಯುವ ಕ್ರಮವನ್ನು ಈಗ ನೋಡೋಣ.

ಲೆಕ್ಕ, ಹೆಸರು, ವಿವರಗಳನ್ನು ಅಡಕವಾಗಿ ಇಟ್ಟು, ಕೇಳಿದಾಗ ತೆಗೆದುಕೊಡುವ ವ್ಯವಸ್ಥೆಗೆ ಡೇಟಾಬೇಸ್ ಎಂದು ಹೆಸರು. ಅಂಥವು ಹಲವಿವೆ. ಉದಾಹರಣೆಗಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬುದನ್ನು ತೆಗೆದುಕೊಳ್ಳುತ್ತೇನೆ. ಮುಂದೆ ಚುಟುಕಾಗಿ ಪೋಸ್ಟ್‌ಗ್ರೆಸ್ ಎನ್ನೋಣ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಎಂಬ ವಿದ್ವಾಂಸರ ಮುಂದಾಳುತನದಲ್ಲಿ ೧೯೮೬ರಲ್ಲಿ ಇದರ ಕೆಲಸ ಮೊದಲಾಯಿತು. ಇದರ ಒಳಗುಟ್ಟೇನೂ ಮುಚ್ಚಿಟ್ಟದ್ದಲ್ಲ. ಯಾರು ಬೇಕಾದರೂ ಬಿಚ್ಚಿ ಓದಬಹುದು.

ಪೋಸ್ಟ್‌ಗ್ರೆಸ್ ತನ್ನ ಖಾತೆಗಳನ್ನು ಡಿಸ್ಕಿನಲ್ಲಿ ಪುಟಪುಟವಾಗಿ ಇಡುತ್ತದೆ. ಒಂದು ಪುಟಕ್ಕೆ ೮೧೯೨ ಬೈಟು. ಈಗ ರೂಢಿಯಲ್ಲಿರುವ ಸಂಕೇತಕ್ರಮದಲ್ಲಿ ನಮ್ಮ ‘ಕ’ ಎಂಬ ಅಕ್ಷರಕ್ಕೆ ೩ ಬೈಟು, ಗುಣಿತ ಸೇರಿ ‘ಕಿ’ ಆದರೆ ೬ ಬೈಟು ಬೇಕು. ಅದರಿಂದ ಪುಟದ ಅಳತೆಯನ್ನು ನೀವೇ ಊಹಿಸಿಕೊಳ್ಳಬಹುದು. ಯಂತ್ರ ಮೊದಲು ಕೆಲಸಕ್ಕೆ ನಿಂತಾಗಲೇ ಚುರುಕು ನೆನಪಿನಲ್ಲಿ ಇಂತಿಷ್ಟು ಜಾಗವನ್ನು ಪೋಸ್ಟ್‌ಗ್ರೆಸ್ ತನಗೆಂದು ಹಿಡಿದಿಡುತ್ತದೆ. ಇದೇ ಗುಮಾಸ್ತನ ಮೇಜು. ಮೇಜಿನ ಮೇಲೆ ಒಂದು ಪುಟ ಹಿಡಿಯುವಷ್ಟು ಜಾಗಕ್ಕೆ ಬಫರ್ ಎಂದು ಹೆಸರು. ಬೇರೆ ಹೇಳದಿದ್ದರೆ ಮೇಜಿನ ಅಳತೆ ಸಾಮಾನ್ಯವಾಗಿ ೧೨೮ ಮೆಗಾಬೈಟು. ಅಂದರೆ ಒಟ್ಟಿಗೆ ೧೬,೩೮೪ ಪುಟಗಳನ್ನು ಹರಡಿಕೊಳ್ಳಬಹುದು. ಇದೇ ಕೆಲಸಕ್ಕೆ ಮೀಸಲಾದ ದೊಡ್ಡ ಯಂತ್ರವಾದರೆ ಅದರ ನೆನಪಿನ ಕಾಲುಪಾಲನ್ನು ಕೊಡಿರೆಂದು ಅದರ ಕೈಪಿಡಿ ಸಲಹೆ ಮಾಡುತ್ತದೆ.

ಒಂದು ಖಾತೆಗೆ ನೂರು ರೂಪಾಯಿ ಜಮಾ ಮಾಡಬೇಕಾಗಿದೆ ಎನ್ನಿ. ಆ ಖಾತೆಯ ಪುಟ ಮೇಜಿನ ಮೇಲಿಲ್ಲದಿದ್ದರೆ ಅದರ ನಕಲನ್ನು ಡಿಸ್ಕಿನಿಂದ ಒಂದು ಬಫರಿಗೆ ತರುತ್ತದೆ. ಬರೆಯುತ್ತಿರುವಾಗ ಆ ಪುಟವನ್ನು ಯಾರೂ ಕದಲಿಸದಂತೆ ಗುಂಡುಸೂಜಿ ಚುಚ್ಚಿದ ಹಾಗೆ ಹಿಡಿದಿಟ್ಟು, ನಕಲಿನ ಮೇಲೆ ಹೊಸ ಮೊತ್ತವನ್ನು ಬರೆಯುತ್ತದೆ. ಈಗ ಮೇಜಿನ ಮೇಲಿನ ನಕಲು ಬೇರೆ, ಕಪಾಟಿನಲ್ಲಿರುವ ಮೂಲ ಬೇರೆ. ಹೀಗೆ ಮೂಲಕ್ಕಿಂತ ಬೇರೆಯಾದ ಪುಟವನ್ನು ಈ ಕಸುಬಿನವರು ‘ಕೊಳೆಯಾದ ಪುಟ’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಹೆಸರು ಚೆನ್ನಾಗಿಲ್ಲ. ಇರುವುದರಲ್ಲಿ ಸರಿಯಾದ ಲೆಕ್ಕ ಕೊಳೆಯಾದ ಪುಟದ್ದೇ. ಹಳತಾಗಿರುವುದು ಕಪಾಟಿನ ಮೂಲ.

ಪುಟದ ಮೇಲೆ ಬರೆದುದರ ಜೊತೆಗೇ, ‘ಇಂಥ ಪುಟದ ಇಂಥ ಜಾಗದಲ್ಲಿ ಇಂಥ ಬದಲಾವಣೆ’ ಎಂದು ಇನ್ನೊಂದು ಕಡೆ ಒಂದು ಸಾಲು ಸೇರಿಸುತ್ತದೆ. ಇದೇ ದಿನವಹಿ, ಕಸುಬಿನ ಮಾತಿನಲ್ಲಿ ಲಾಗ್. ಈ ಸಾಲು ಕೂಡ ಮೊದಲು ಬೀಳುವುದು ಚುರುಕು ನೆನಪಿನಲ್ಲಿಯೇ, ದಿನವಹಿಗೆಂದೇ ಇಟ್ಟ ಬೇರೆ ಬಫರುಗಳಲ್ಲಿ. ಅವುಗಳ ಒಟ್ಟು ಅಳತೆ ಸಾಮಾನ್ಯವಾಗಿ ಮೇಜಿನ ೩೨ರಲ್ಲೊಂದು ಪಾಲು. ೧೨೮ ಮೆಗಾಬೈಟಿನ ಮೇಜಿಗೆ ೪ ಮೆಗಾಬೈಟು. ಮೇಜು ಎಷ್ಟೇ ದೊಡ್ಡದಾಗಲಿ, ತಾನಾಗಿ ಗೊತ್ತುಮಾಡಿಕೊಂಡಾಗ ೧೬ ಮೆಗಾಬೈಟನ್ನು ಇದು ಮೀರುವುದಿಲ್ಲ. ಇಷ್ಟು ಚಿಕ್ಕದೇಕೆ ಎಂದು ನೀವು ಕೇಳಬಹುದು. ಇಲ್ಲಿರುವುದು ಬಹಳ ಹೊತ್ತು ಇರತಕ್ಕದ್ದಲ್ಲ, ಮತ್ತೆ ಮತ್ತೆ ಡಿಸ್ಕಿಗೆ ಹೋಗುತ್ತಲೇ ಇರತಕ್ಕದ್ದು. ಅದಕ್ಕೆ ವಿಶಾಲವಾದ ಜಾಗ ಬೇಕಿಲ್ಲ.

ಈಗ ಮುಖ್ಯವಾದ ಮಾತಿಗೆ ಬಂದೆವು. ಗಿರಾಕಿಗೆ “ಆಯಿತು, ಜಮಾ ಆಗಿದೆ” ಎಂದು ಯಾವಾಗ ಹೇಳಬೇಕು? ನಕಲಿನ ಮೇಲೆ ಬರೆದಾಗಲೆ? ಅಲ್ಲ. ಖಾತೆಯ ಮೂಲಪುಟ ತಿದ್ದುಪಡಿಯಾದಾಗಲೆ? ಅದೂ ಅಲ್ಲ, ಅಲ್ಲಿಯವರೆಗೆ ಕಾದರೆ ಕೆಲಸ ನಿಂತುಹೋಗುತ್ತದೆ. ದಿನವಹಿಯ ಆ ಸಾಲು, ‘ಈ ವ್ಯವಹಾರ ಮುಗಿಯಿತು’ ಎಂಬ ಮುದ್ರೆಯೊಡನೆ ಡಿಸ್ಕಿಗೆ ತಲಪಿದಾಗ, ತಲಪಿದೆಯೆಂಬುದು ಖಚಿತವಾದಾಗ, ಹೇಳಬೇಕು. ಆ ಮೇಲೆ ವಿದ್ಯುತ್ತು ಹೋಗಲಿ, ಯಂತ್ರ ಬಿದ್ದುಹೋಗಲಿ, ಮೇಜಿನ ಮೇಲಿದ್ದ ಹದಿನಾರು ಸಾವಿರ ಪುಟಗಳೂ ಅಳಿಸಿಹೋಗಲಿ, ಯಂತ್ರ ಮತ್ತೆ ಎದ್ದಾಗ ದಿನವಹಿಯನ್ನು ಓದಿಕೊಂಡು ಖಾತೆಯನ್ನು ಮೊದಲಿನಂತೆ ಮಾಡುತ್ತದೆ. ಮುದ್ರೆ ಬೀಳದ ವ್ಯವಹಾರವನ್ನು ಆಗಲೇ ಇಲ್ಲವೆಂದು ಎಣಿಸುತ್ತದೆ. ಒಬ್ಬನ ಖಾತೆಯಿಂದ ಹಣ ತೆಗೆದು ಇನ್ನೊಬ್ಬನ ಖಾತೆಗೆ ಹಾಕುವ ನಡುವೆ ಯಂತ್ರ ನಿಂತರೆ, ತೆಗೆದದ್ದೂ ಇಲ್ಲ, ಹಾಕಿದ್ದೂ ಇಲ್ಲ. ಹಣ ನಡುದಾರಿಯಲ್ಲಿ ಮಾಯವಾಗುವಂತಿಲ್ಲ.

ಕೊಳೆಯಾದ ಪುಟಗಳು ಮೂಲಕ್ಕೆ ಹೋಗುವುದು ಯಾವಾಗ? ಅದಕ್ಕೆ ಮೂರು ದಾರಿಗಳು. ಹಿನ್ನೆಲೆಯಲ್ಲಿ ಒಬ್ಬ ಆಳು ಆಗಾಗ ಕೆಲವು ಪುಟಗಳನ್ನು ಒಯ್ದು ಬರೆದು ಬರುತ್ತಾನೆ. ಇದು ಒಂದು. ಹೊಸ ಪುಟಕ್ಕೆ ಮೇಜಿನ ಮೇಲೆ ಜಾಗ ಬೇಕಾದಾಗ ಹಳೆಯದೊಂದು ಏಳಬೇಕಾಗುತ್ತದೆ. ಇದು ಎರಡನೆಯದು. ಏಳಬೇಕಾದದ್ದು ಯಾವುದು ಎಂಬುದನ್ನು ಗೊತ್ತುಮಾಡುವ ಕ್ರಮ ಸೊಗಸಾಗಿದೆ. ಗಡಿಯಾರದ ಮುಳ್ಳಿನ ಹಾಗೆ ಒಂದು ಗುರುತು ಎಲ್ಲ ಬಫರುಗಳ ಮೇಲೆ ಸುತ್ತುತ್ತಿರುತ್ತದೆ. ಪುಟವನ್ನು ಯಾರಾದರೂ ಬಳಸಿದಾಗಲೆಲ್ಲ ಅದರ ಎಣಿಕೆ ಒಂದು ಏರುತ್ತದೆ, ೫ಕ್ಕೆ ನಿಲ್ಲುತ್ತದೆ. ಮುಳ್ಳು ಹಾದುಹೋದಾಗ ಒಂದು ಇಳಿಯುತ್ತದೆ. ಎಣಿಕೆ ಸೊನ್ನೆಯಾಗಿದ್ದು, ಯಾರೂ ಹಿಡಿದಿಡದೆ ಇರುವ ಪುಟ ಮುಳ್ಳಿಗೆ ಸಿಕ್ಕರೆ ಅದು ಏಳಬೇಕು. ಅದು ಕೊಳೆಯಾದದ್ದಾಗಿದ್ದರೆ ಮೂಲಕ್ಕೆ ಬರೆದ ಮೇಲೆಯೇ ಜಾಗ ಖಾಲಿ.

ಮೂರನೆಯದು ಚೆಕ್‌ಪಾಯಿಂಟ್ ಎಂಬುದು. ಐದು ನಿಮಿಷಕ್ಕೊಮ್ಮೆ, ಅಥವಾ ದಿನವಹಿ ಬಹಳ ಬೆಳೆದರೆ ಅದಕ್ಕೂ ಮೊದಲೇ, ಅಲ್ಲಿಯವರೆಗಿನ ಕೊಳೆಯಾದ ಪುಟಗಳನ್ನೆಲ್ಲ ಮೂಲಕ್ಕೆ ಏರಿಸಿ, ‘ಇಲ್ಲಿಯವರೆಗೆ ಖಾತೆ ಸರಿಯಾಗಿದೆ’ ಎಂದು ದಿನವಹಿಯಲ್ಲಿ ಗೆರೆ ಎಳೆಯುತ್ತದೆ. ಯಂತ್ರ ಬಿದ್ದು ಎದ್ದಾಗ ದಿನವಹಿಯನ್ನು ಮೊದಲಿಂದ ಓದಬೇಕಾಗಿಲ್ಲ, ಕೊನೆಯ ಗೆರೆ ಹೇಳುವ ಜಾಗದಿಂದ ಓದಿದರೆ ಸಾಕು. ಎಲ್ಲವನ್ನೂ ಒಂದೇ ಏಟಿಗೆ ಬರೆಯಹೋದರೆ ಡಿಸ್ಕು ಉಸಿರುಕಟ್ಟುತ್ತದೆಂದು ಈ ಕೆಲಸವನ್ನು ಆ ಅವಧಿಯ ಉದ್ದಕ್ಕೂ ಹರಡಿಕೊಂಡು ನಿಧಾನವಾಗಿ ಮಾಡುತ್ತದೆ.

ಮೂರು ದಾರಿಗೂ ಸಮಾನವಾದ ಕಟ್ಟಳೆ ಒಂದೇ. ಪುಟದ ನೆತ್ತಿಯ ಮೇಲೆ, ಅದಕ್ಕೆ ಸಂಬಂಧಿಸಿದ ದಿನವಹಿಯ ಕೊನೆಯ ಸಾಲು ಯಾವುದೆಂಬ ಸಂಖ್ಯೆ ಇರುತ್ತದೆ. ಆ ಸಾಲಿನವರೆಗೆ ದಿನವಹಿ ಡಿಸ್ಕಿಗೆ ಸೇರಿದ್ದರೆ ಮಾತ್ರ ಪುಟ ಹೋಗಬಹುದು. ಇಲ್ಲವಾದರೆ ಮೊದಲು ದಿನವಹಿ ಹೋಗಬೇಕು. ಮೇಜಿನ ಮೇಲೆ ಎರಡೂ ಒಟ್ಟಿಗೆ ಇರಬಹುದು, ಕಪಾಟಿಗೆ ಹೋಗುವಾಗ ದಿನವಹಿ ಮುಂದು, ಖಾತೆ ಹಿಂದು. ಇದನ್ನು ಮೀರಿದರೆ ಉಳಿದ ವ್ಯವಸ್ಥೆಯೆಲ್ಲ ವ್ಯರ್ಥ.

ಹಾಗಾದರೆ ಪ್ರತಿ ವ್ಯವಹಾರಕ್ಕೂ ಡಿಸ್ಕಿಗೆ ಕಾಯಬೇಕಾಯಿತಲ್ಲ, ಉಳಿತಾಯವೇನು ಬಂತು? ಉಳಿತಾಯ ಎರಡು ಬಗೆಯದು. ಖಾತೆಯ ಪುಟಗಳು ಡಿಸ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತವೆ. ದಿನವಹಿಯಾದರೋ ಒಂದೇ ಕಡೆ ಸಾಲಾಗಿ ಬೆಳೆಯುತ್ತದೆ. ಅದೂ ಅಲ್ಲದೆ, ಒಂದು ಸಾಲು ಡಿಸ್ಕಿಗೆ ಹೋಗುತ್ತಿರುವಷ್ಟರಲ್ಲಿ ಇನ್ನೂ ಐವತ್ತು ಮಂದಿಯ ಸಾಲುಗಳು ಬಂದು ಸೇರಿದ್ದರೆ, ಅವೆಲ್ಲವೂ ಮುಂದಿನ ಒಂದೇ ಬಾರಿಗೆ ಹೋಗುತ್ತವೆ. ದೋಣಿ ಹೊಳೆ ದಾಟಿ ಬರುವಷ್ಟರಲ್ಲಿ ದಡದಲ್ಲಿ ನೆರೆದವರು ಮುಂದಿನ ಸಲಕ್ಕೆ ಒಟ್ಟಾಗಿ ಹತ್ತಿದಂತೆ. ಪೋಸ್ಟ್‌ಗ್ರೆಸ್‌ಗೆ ಈ ದಿನವಹಿಯ ಕ್ರಮ ಬಂದದ್ದು ೨೦೦೧ರಲ್ಲಿ. ಅದಕ್ಕೆ ಮೊದಲು ಪ್ರತಿಯೊಂದು ವ್ಯವಹಾರ ಮುಗಿಯುವಾಗಲೂ ಬದಲಾದ ಪುಟಗಳನ್ನೆಲ್ಲ ಡಿಸ್ಕಿಗೆ ಬರೆಯಬೇಕಾಗಿತ್ತು. ತತ್ತ್ವ ಮಾತ್ರ ಅದಕ್ಕಿಂತ ಹಳೆಯದು. ವ್ಯವಹಾರಗಳ ಭದ್ರತೆಯನ್ನು ಕುರಿತ ಶ್ರಮಕ್ಕಾಗಿ ಅಮೆರಿಕದ ಜಿಮ್ ಗ್ರೇ ಅವರಿಗೆ ೧೯೯೮ನೆಯ ವರ್ಷದ ಟ್ಯೂರಿಂಗ್ ಪ್ರಶಸ್ತಿ ಬಂತು. ದಿನವಹಿಯಿಂದ ಖಾತೆಯನ್ನು ಮರಳಿ ಪಡೆಯುವ ‘ಏರೀಸ್’ ಎಂಬ ವಿಧಾನವನ್ನು ಐಬಿಎಂ ಸಂಸ್ಥೆಯಲ್ಲಿದ್ದ, ಮದ್ರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್ ಅವರು ಸಂಗಡಿಗರೊಡನೆ ೧೯೯೨ರಲ್ಲಿ ಪ್ರಕಟಿಸಿದರು. ಹಲವು ಡೇಟಾಬೇಸುಗಳು ಅದನ್ನು ಅನುಸರಿಸಿವೆ.

ಅವಸರವಿದ್ದವರಿಗೆ ಒಂದು ಅಡ್ಡದಾರಿಯೂ ಇದೆ. ದಿನವಹಿ ಡಿಸ್ಕಿಗೆ ಸೇರುವ ಮೊದಲೇ “ಆಯಿತು” ಎಂದುಬಿಡು ಎಂದು ಯಂತ್ರಕ್ಕೆ ಹೇಳಿಡಬಹುದು. ಆಗ ಕೆಲಸ ಬಹಳ ಬೇಗ ಸಾಗುತ್ತದೆ. ಯಂತ್ರ ಬಿದ್ದರೆ ಕೊನೆಯ ಅರ್ಧ ಸೆಕೆಂಡಿನಷ್ಟು ಹೊತ್ತಿನ ವ್ಯವಹಾರಗಳು ಹೋಗಬಹುದು; ಉಳಿದ ಖಾತೆ ಕೆಡುವುದಿಲ್ಲ. ಸಭೆಗೆ ಬಂದವರ ತಲೆಯೆಣಿಕೆಗೆ ಇದು ಸಾಕು. ಒಬ್ಬ ವಿಧವೆಯ ಪಿಂಚಣಿಯ ಲೆಕ್ಕಕ್ಕೆ ಸಾಲದು. ಯಾವುದಕ್ಕೆ ಯಾವುದು ಎಂಬುದನ್ನು ಯಂತ್ರ ತೀರ್ಮಾನಿಸಲಾರದು, ಕೂಡಿಸಿಡುವ ಮನುಷ್ಯನೇ ತೀರ್ಮಾನಿಸಬೇಕು.

ಇಷ್ಟೆಲ್ಲ ಎಚ್ಚರವಿದ್ದರೂ ಒಂದು ಕಡೆ ನಂಬಿಕೆ ಮೋಸಹೋಗಿತ್ತು. ಆ ಸಂಗತಿಯನ್ನು ಹೇಳದೆ ಮುಗಿಸಿದರೆ ಲೇಖನ ಅರ್ಧವಾದೀತು. ಪೋಸ್ಟ್‌ಗ್ರೆಸ್ ತಾನೇ ನೇರವಾಗಿ ಡಿಸ್ಕನ್ನು ಮುಟ್ಟುವುದಿಲ್ಲ. ನಡುವೆ ಲಿನಕ್ಸ್ ಮುಂತಾದ ಯಜಮಾನ ವ್ಯವಸ್ಥೆ ಇರುತ್ತದೆ. ಅದಕ್ಕೂ ಅದರದೇ ಆದ ಮೇಜು, ಅದರದೇ ಕೊಳೆಯಾದ ಪುಟಗಳು. ಪೋಸ್ಟ್‌ಗ್ರೆಸ್ ಪುಟಗಳನ್ನು ಅದರ ಕೈಗೆ ಕೊಟ್ಟು, ಚೆಕ್‌ಪಾಯಿಂಟಿನ ಹೊತ್ತಿಗೆ “ಎಲ್ಲವೂ ನಿಜವಾಗಿ ಡಿಸ್ಕಿಗೆ ಸೇರಿತೆ?” ಎಂದು ಕೇಳುತ್ತದೆ. “ಇಲ್ಲ, ತೊಡಕಾಯಿತು” ಎಂದರೆ ಮತ್ತೊಮ್ಮೆ ಕೇಳುತ್ತಿತ್ತು; ಎರಡನೆಯ ಸಲ “ಆಯಿತು” ಎಂಬ ಉತ್ತರ ಬಂದರೆ ನಂಬುತ್ತಿತ್ತು. ೨೦೧೮ರಲ್ಲಿ ತಿಳಿದುಬಂದದ್ದೇನೆಂದರೆ, ಬರೆಯುವಾಗ ತೊಡಕಾದರೆ ಲಿನಕ್ಸು ಅದನ್ನು ಒಮ್ಮೆ ಹೇಳಿ, ಬರೆಯಲಾಗದೆ ಉಳಿದ ಪುಟದ ಮೇಲಿನ ‘ಕೊಳೆ’ ಎಂಬ ಗುರುತನ್ನು ಅಳಿಸಿಬಿಡುತ್ತಿತ್ತು. ಎರಡನೆಯ ಸಲ ಕೇಳಿದಾಗ ಬರೆಯಬೇಕಾದದ್ದು ಅದರ ಲೆಕ್ಕದಲ್ಲಿ ಏನೂ ಇಲ್ಲ. ಆದ್ದರಿಂದ “ಆಯಿತು” ಎಂಬ ಉತ್ತರ. ಪೋಸ್ಟ್‌ಗ್ರೆಸ್ ಅದನ್ನು ನಂಬಿ, ‘ಇಲ್ಲಿಯವರೆಗೆ ಖಾತೆ ಸರಿಯಾಗಿದೆ’ ಎಂದು ಗೆರೆ ಎಳೆಯಬಹುದಾಗಿತ್ತು. ಗೆರೆಯ ಹಿಂದಿನ ದಿನವಹಿಯನ್ನು ಮತ್ತೆ ಓದುವ ಪದ್ಧತಿ ಇಲ್ಲ. ಹಾಗಾದರೆ ಆ ಪುಟದ ಲೆಕ್ಕ ಹೋದಂತೆಯೇ.

ಇದಕ್ಕೆ ಕಂಡುಕೊಂಡ ಪರಿಹಾರ ವಿಚಿತ್ರವಾದದ್ದು. ೨೦೧೯ರ ಫೆಬ್ರವರಿಯಲ್ಲಿ ಹೊರಬಂದ ಆವೃತ್ತಿಗಳಿಂದ ಮುಂದೆ, “ತೊಡಕಾಯಿತು” ಎಂಬ ಉತ್ತರ ಒಮ್ಮೆ ಬಂದರೂ ಸಾಕು, ಪೋಸ್ಟ್‌ಗ್ರೆಸ್ ಎರಡನೆಯ ಸಲ ಕೇಳುವುದಿಲ್ಲ. ಕೆಲಸ ಮಾಡುತ್ತಿದ್ದ ಹಾಗೆಯೇ ತನ್ನನ್ನು ತಾನು ನಿಲ್ಲಿಸಿಕೊಂಡು, ಬಿದ್ದು ಎದ್ದವರಂತೆ, ಕೊನೆಯ ನಂಬತಕ್ಕ ಗೆರೆಯಿಂದ ದಿನವಹಿಯನ್ನು ಓದಿ ಆ ಪುಟಗಳನ್ನು ಮತ್ತೆ ಬರೆಯಲು ತೊಡಗುತ್ತದೆ. ಸುಳ್ಳು “ಆಯಿತು” ಹೇಳುವುದಕ್ಕಿಂತ ನಾಲ್ವರ ಮುಂದೆ ಬಿದ್ದು ಏಳುವುದೇ ಲೇಸು ಎಂದು ಆ ಕಸುಬಿನವರು ತೀರ್ಮಾನಿಸಿದರು.

ಓದುಗ ಮಹಾಶಯರೆ, ನಾನು ಹಳಗನ್ನಡ ಓದಿಕೊಂಡವನು. ಹಿಂದಿನ ಅರಸರು ದತ್ತಿ ಬಿಟ್ಟಾಗ ಬಾಯಿಮಾತಿನಲ್ಲಿ ನುಡಿದು ಸುಮ್ಮನಾಗದೆ ಕಲ್ಲಿನಲ್ಲಿ ಕೊರೆಯಿಸಿದ್ದರ ಕಾರಣವನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ನೆನಪು ಅಳಿಯುವಂಥದು, ಬರವಣಿಗೆ ಉಳಿಯುವಂಥದು ಎಂದು ಮಕ್ಕಳಿಗೆ ಹೇಳಿದ್ದೇನೆ. ಆದರೂ ಆ ಸಂಜೆ ಪರದೆಯ ಮೇಲೆ ಅಂಕಗಳು ಮೂಡಿದ್ದನ್ನೇ ಕಂಡು ಬರೆದಾಯಿತೆಂದು ನಂಬಿಬಿಟ್ಟೆ.

ಈಗ ನಾನು ಅಂಕಪಟ್ಟಿಯನ್ನು ತುಂಬುವಾಗ ಹತ್ತು ಹೆಸರಿಗೊಮ್ಮೆ ನಿಲ್ಲಿಸಿ ಡಿಸ್ಕಿಗೆ ಉಳಿಸುತ್ತೇನೆ. ಅದಕ್ಕೂ ಮೊದಲು ಅಂಕಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಶಾಯಿಯಿಂದ ಬರೆದಿಟ್ಟುಕೊಂಡಿರುತ್ತೇನೆ. ಅದು ನನ್ನ ದಿನವಹಿ. ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೊಂದು ಅಂಕೆಯ ಮೇಲೂ ಬೆರಳಿಟ್ಟು ಓದಿ, ಆಮೇಲೆ ಮುಖ್ಯೋಪಾಧ್ಯಾಯರಿಗೆ “ಆಯಿತು” ಎಂದು ಹೇಳುತ್ತೇನೆ. ಆ ಹುಡುಗಿ ಈಗ ಪದವಿಪೂರ್ವ ಕಾಲೇಜಿನಲ್ಲಿ ಓದುತ್ತಿದ್ದಾಳೆ. ದಾರಿಯಲ್ಲಿ ಕಂಡಾಗ ನಗುತ್ತಾಳೆ. ಅವಳು ಮರೆತಿರಬಹುದು, ನಾನು ಮರೆತಿಲ್ಲ.